ಕಾಲು ಮೊದಲೋ, ಸದ್ದು ಮೊದಲೋ

ನನ್ನ ತಂಗಿಯ ಮಗಳು ಸುಷ್ಮಾ ಶಂಕರಘಟ್ಟದಲ್ಲಿ ಓದು ಮುಗಿಸಿ ಶಿವಮೊಗ್ಗದ ಒಂದು ಮಲ್ಟಿಪ್ಲೆಕ್ಸಿನಲ್ಲಿ ಸಿನಿಮಾ ತೋರಿಸುವ ಕೆಲಸಕ್ಕೆ ಸೇರಿದ್ದಾಳೆ. ನಾನು ಭದ್ರಾವತಿಯ ಟಾಕೀಸಿನಲ್ಲಿ ಆಪರೇಟರ್ ಆಗಿ ಮುದುಕನಾದವನು. ನಮ್ಮ ವಂಶದಲ್ಲಿ ಈ ಕೆಲಸ ಮುಂದುವರಿಯಿತಲ್ಲ ಎಂದು ನನಗೆ ಒಳಗೊಳಗೇ ಹಿಗ್ಗು. ಮೊನ್ನೆ ಅವಳೇ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿ ತನ್ನ ಕೋಣೆ ತೋರಿಸಿದಳು. ಒಳಗೆ ಎಸಿ ತಂಪು, ಬೀರುವಿನಂಥ ಕರಿ ಪೆಟ್ಟಿಗೆ, ಪಕ್ಕದಲ್ಲಿ ಒಂದು ಕಂಪ್ಯೂಟರ್. ಬೆರಳಲ್ಲಿ ಏನನ್ನೋ ಒತ್ತಿದಳು, ಗೋಡೆಯ ಆಚೆ ಸಿನಿಮಾ ಶುರುವಾಯಿತು.

"ಅಷ್ಟೇನಾ?" ಅಂದೆ.

"ಅಷ್ಟೇ ಮಾವ. ಮಿಕ್ಕಿದ್ದೆಲ್ಲ ಅದೇ ಮಾಡ್ಕೊಳ್ಳತ್ತೆ."

"ಮತ್ತೆ ನಿಂಗ್ಯಾಕೆ ಸಂಬಳ ಕೊಡ್ತಾರೆ ಮಾರಾಯ್ತಿ?"

ಅವಳು ನಕ್ಕಳು. ಆಮೇಲೆ, "ನಿಮ್ಮ ಕಾಲದಲ್ಲಿ ಕೆಲ್ಸ ಹೆಂಗಿತ್ತು ಅಂತ ಬರ್ಕೊಡಿ ಮಾವ. ಇಲ್ಲಿ ಹೊಸದಾಗಿ ಸೇರೋರಿಗೆ ಓದಕ್ಕೆ ಕೊಡ್ತೀನಿ. ಅವ್ರಿಗೆ ರೀಲು ಅಂದ್ರೆ ಫೋನಲ್ಲಿ ಬರೋದು ಅಂತ ಮಾತ್ರ ಗೊತ್ತು" ಅಂದಳು. ಅದಕ್ಕೇ ಬರೆಯುತ್ತಿದ್ದೇನೆ. ನನಗೆ ಯಾವಾಗ ಎಷ್ಟು ಸಂಬಳವಾಯಿತು, ಯಾವ ಮಾಲೀಕರು ಶಾಲು ಹೊದಿಸಿದರು ಎಂಬುದೆಲ್ಲ ಯಾರಿಗೂ ಬೇಡ. ಈ ಕೆಲಸದಲ್ಲಿ ನನ್ನನ್ನು ಬೆರಗು ಮಾಡಿದ್ದು ಒಬ್ಬ ಮನುಷ್ಯ, ಅಥವಾ ಅವನ ಎರಡು ಕಾಲು. ಅವನು ಅಮೆರಿಕದವನು, ನಾನು ಹುಟ್ಟುವ ಮುಂಚೆಯೇ ಕುಣಿದು ಮುಗಿಸಿದ್ದವನು. ಅವನ ಮುಖಾಂತರವೇ ಹೇಳಿದರೆ ಈ ಕೆಲಸ ಏನೆಂಬುದು ಗೊತ್ತಾಗುತ್ತದೆ.

ಮೊದಲು ನನ್ನ ಗುರುಗಳ ವಿಷಯ. ನಮ್ಮ ಟಾಕೀಸಿನ ಹೆಡ್ ಆಪರೇಟರ್ ಮುನಿಸ್ವಾಮಿ. ಅವರ ತಂದೆ ತಮಿಳುನಾಡಿನಿಂದ ಭದ್ರಾವತಿಗೆ ಕಾರ್ಖಾನೆ ಕೆಲಸಕ್ಕೆ ಬಂದವರು. ಮಗನಿಗೆ ಕಾರ್ಖಾನೆಗಿಂತ ಟಾಕೀಸಿನ ಬೆಳಕೇ ಹೆಚ್ಚಾಗಿ, ಇಲ್ಲಿ ಸೇರಿಕೊಂಡಿದ್ದರು. ನಾನು ಮುನಿಯಣ್ಣ ಅನ್ನುತ್ತಿದ್ದೆ, ಅವರು ನನ್ನನ್ನು ತಂಬಿ ಅನ್ನುತ್ತಿದ್ದರು. ಸಿಟ್ಟು ಬಂದರೆ ತಂಬಿ ಹೋಗಿ ಕತ್ತೆ ಬರುತ್ತಿತ್ತು. ದಿನದಲ್ಲಿ ನಾನು ಹೆಚ್ಚು ಹೊತ್ತು ಕತ್ತೆಯಾಗಿಯೇ ಇರುತ್ತಿದ್ದೆ.

ನಾವು ಸಿನಿಮಾ ಓಡಿಸುವ ಕ್ಯಾಬಿನ್ ಅಂದರೆ ಬಾಲ್ಕನಿಯ ಹಿಂದೆ ಒಂದು ಬೆಂಕಿಪೊಟ್ಟಣ. ಅದರೊಳಗೆ ಎರಡು ಯಂತ್ರ, ಒಂದರ ರೀಲು ಮುಗಿಯುತ್ತಲೇ ಇನ್ನೊಂದು ಶುರು. ಒಂದೊಂದರ ಬೆನ್ನಲ್ಲೂ ಒಂದು ಒಲೆ. ಒಲೆ ಎಂದು ಸುಮ್ಮನೆ ಹೇಳುತ್ತಿಲ್ಲ. ತಾಮ್ರ ಬಳಿದ ಎರಡು ಕಾರ್ಬನ್ ಕಡ್ಡಿ ಒಂದಕ್ಕೊಂದು ಮುಖ ಮಾಡಿ ನಿಲ್ಲುತ್ತಿದ್ದವು, ನಡುವೆ ಕಿಡಿ ಹೊತ್ತಿ ಸೂರ್ಯನಂತೆ ಉರಿಯುತ್ತಿತ್ತು. ಕಡ್ಡಿ ಸವೆದಂತೆಲ್ಲ ಕೈಯಿಂದ ಹತ್ತಿರ ತರುತ್ತಿರಬೇಕು. ಮರೆತರೆ ತೆರೆಯ ಮೇಲೆ ನಾಯಕಿಯ ಮುಖ ಕಾಮಾಲೆ ಹಿಡಿದಂತಾಗಿ ಕೆಳಗಿನಿಂದ ಸೀಟಿ. ಆ ಕಿಡಿಯನ್ನು ನಾವು ಬರಿಗಣ್ಣಿನಿಂದ ನೋಡುವಂತಿರಲಿಲ್ಲ. ಸಿನಿಮಾ ನೋಡುವುದಿರಲಿ! ಗೋಡೆಯಲ್ಲಿ ಅಂಗೈಯಗಲದ ಕಿಂಡಿ, ಅದಕ್ಕೆ ಗಾಜು. ಅದರಲ್ಲಿ ಇಣುಕಿ ಚಿತ್ರ ಸ್ಪಷ್ಟವಾಗಿದೆಯೇ, ಬೆಳಕು ಸರಿಯಿದೆಯೇ ಎಂದು ನೋಡಬೇಕು, ಅಷ್ಟೇ. ಸದ್ದು ಕೇಳಲು ಮೂಲೆಯಲ್ಲಿ ಒಂದು ಸಣ್ಣ ಸ್ಪೀಕರು. ಯಂತ್ರದ ಗರಗರ ಶಬ್ದದಲ್ಲಿ ಅದು ಡಬ್ಬದೊಳಗೆ ಸಿಕ್ಕಿದ ಜೀರುಂಡೆಯ ಹಾಗೆ ಕೇಳಿಸುತ್ತಿತ್ತು. ಊರಿಗೆಲ್ಲ ಸಿನಿಮಾ ತೋರಿಸಿದ ಮುನಿಯಣ್ಣ ಅಲ್ಲಿಯ ತನಕ ಒಂದು ಸಿನಿಮಾವನ್ನೂ ಹಾಲಿನಲ್ಲಿ ಕೂತು ನೋಡಿದವರಲ್ಲ. ಈ ಮಾತನ್ನು ಗಮನದಲ್ಲಿ ಇಟ್ಟುಕೊಳ್ಳಿ.

ಭಾನುವಾರ ಬೆಳಿಗ್ಗೆ ನಮ್ಮಲ್ಲಿ ಇಂಗ್ಲಿಷ್ ಸಿನಿಮಾ. ಕಾರ್ಖಾನೆಯ ನ್ಯೂ ಟೌನಿನ ಎಂಜಿನಿಯರುಗಳು ಸಂಸಾರ ಸಮೇತ ಬರುತ್ತಿದ್ದರು, ಕಾಲೇಜು ಮೇಷ್ಟ್ರುಗಳು ಶಿವಮೊಗ್ಗದಿಂದ ಬಸ್ಸಿನಲ್ಲಿ ಬರುತ್ತಿದ್ದರು. ರಾತ್ರಿ ಪಾಳಿ ಮುಗಿಸಿದ ಕಾರ್ಖಾನೆಯವರು ನಿದ್ದೆಗಣ್ಣಿನಲ್ಲೇ ಬಂದು ಮುಂದಿನ ಬೆಂಚುಗಳಲ್ಲಿ, ನಾವು ಗಾಂಧಿ ಕ್ಲಾಸ್ ಎನ್ನುತ್ತಿದ್ದ ಕಡೆ, ಕೂರುತ್ತಿದ್ದರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ನನಗೂ ಬರುತ್ತಿರಲಿಲ್ಲ.

ನಮ್ಮ ಮ್ಯಾನೇಜರ್ ಗುರುಶಾಂತಪ್ಪನವರು ಅಡಿಕೆ ಮಂಡಿಯ ಮನೆತನದವರು. ಎಲ್ಲವನ್ನೂ ಹೊತ್ತಿನಲ್ಲಿ ಅಳೆಯುವ ಮನುಷ್ಯ. ಬೆಳಗಿನ ಆಟ ತಡವಾದರೆ ಮ್ಯಾಟಿನಿಯ ಜನ ಗೇಟು ಮುರಿಯುತ್ತಾರೆಂಬ ಭಯ ಅವರಿಗೆ. ಅದಕ್ಕೆ ಅವರದೇ ಒಂದು ಕಾನೂನಿತ್ತು: ಸಿನಿಮಾ ಉದ್ದವಾದರೆ ಹಾಡು ಕತ್ತರಿಸು. "ಹಾಡು ಬಂದ್ರೆ ಜನ ಬೀಡಿ ಸೇದಕ್ಕೆ ಎದ್ದು ಹೋಗ್ತಾರೆ ಕಣ್ರೀ. ಯಾರೂ ನೋಡ್ದೇ ಇರೋದನ್ನ ಕರೆಂಟು ಸುಟ್ಟು ಯಾಕೆ ತೋರಿಸ್ಬೇಕು?" ಎಂಬುದು ಅವರ ವಾದ. ಎಲ್ಲ ಊರಿನ ಟಾಕೀಸಿನಲ್ಲೂ ಈ ಪದ್ಧತಿ ಇತ್ತು, ನಮ್ಮದೇ ಪಾಪವೇನಲ್ಲ. ಹಾಡು ಶುರುವಾಗುವಲ್ಲಿ ಕತ್ತರಿ, ಮುಗಿಯುವಲ್ಲಿ ಕತ್ತರಿ, ಎರಡು ತುದಿಗೆ ಅಂಟು. ತೆಗೆದ ತುಂಡುಗಳನ್ನು ಸುರುಳಿ ಸುತ್ತಿ ಗೋಡೆಯ ಮೊಳೆಗೆ ನೇತುಹಾಕಿ, ಫಿಲ್ಮಿನ ಪೆಟ್ಟಿಗೆ ಬೆಂಗಳೂರಿಗೆ ವಾಪಸ್ಸು ಹೋಗುವ ಮುಂಚೆ ಮತ್ತೆ ಸೇರಿಸಿಬಿಡಬೇಕು.

ಒಂದು ಶನಿವಾರ ಬೆಂಗಳೂರಿನಿಂದ ಬಂದ ಪೆಟ್ಟಿಗೆಯಲ್ಲಿ ಕಪ್ಪುಬಿಳುಪಿನ ಹಳೇ ಸಿನಿಮಾ ಇತ್ತು. ತುಂಬ ಉದ್ದ. ಮ್ಯಾನೇಜರು ಮಾಮೂಲು ಅಪ್ಪಣೆ ಕೊಟ್ಟರು. ಮುನಿಯಣ್ಣ, ನಾನು ಇಬ್ಬರೂ ಕೂತು ಫಿಲ್ಮನ್ನು ಬಲ್ಬಿಗೆ ಹಿಡಿದು ನೋಡುತ್ತ ಕತ್ತರಿಸಿದೆವು. ಹಾಡಿನ ಮೇಲೆ ಹಾಡು, ಕುಣಿತದ ಮೇಲೆ ಕುಣಿತ. ಮೊಳೆ ಸಾಲದೆ ಕಿಟಕಿಯ ಸರಳಿಗೂ ನೇತುಹಾಕಿದೆವು. "ಎಂಥಾ ದರಿದ್ರ ಸಿನಿಮಾ ತಂಬಿ, ಬರೀ ಕುಣಿಯೋದೇ ಇದೆ" ಎಂದು ಮುನಿಯಣ್ಣ ಗೊಣಗಿದ್ದು ನನಗಿನ್ನೂ ನೆನಪಿದೆ.

ಬೆಳಿಗ್ಗೆ ಆಟ ಶುರುವಾಯಿತು. ತೆರೆಯ ಮೇಲೆ ಕೋಟು ತೊಟ್ಟ ಒಬ್ಬ ಸಣಕಲ ಮನುಷ್ಯ ಬಂದ, ಮಾತಾಡಿದ, ಹೋದ. ಹೆಂಗಸೊಬ್ಬಳು ಬಂದಳು, ಇಬ್ಬರೂ ಮಾತಾಡಿದರು. ವಾದ್ಯ ಶುರುವಾಗುತ್ತದೆ, ಅವನು ಕೋಟಿನ ಗುಂಡಿ ಹಾಕಿಕೊಳ್ಳುತ್ತಾನೆ, ಕಾಲೆತ್ತುತ್ತಾನೆ. ಮರುಕ್ಷಣ ನೋಡಿದರೆ ಬೇರೆ ಊರಿನಲ್ಲಿ ಕಾಫಿ ಕುಡಿಯುತ್ತ ಕೂತಿದ್ದಾನೆ! ಹೋಳಿಗೆಯಿಂದ ಹೂರಣವನ್ನೆಲ್ಲ ಕೆರೆದು ತೆಗೆದು ಬರೀ ಕಣಕ ಬಡಿಸಿದ ಹಾಗಾಯಿತು. ಗಾಂಧಿ ಕ್ಲಾಸಿನವರು ಎಲ್ಲರಿಗಿಂತ ಮೊದಲು ಎದ್ದರು. ಅವರು ಬಂದಿದ್ದೇ ಆ ಕಾಲಿಗಾಗಿ. ಇಂಗ್ಲಿಷ್ ಮಾತು ಯಾರಿಗೆ ಬೇಕಿತ್ತು?

"ಲೇ ಆಪರೇಟ್ರೂ, ನಮ್ಮ ಟಕಟಕ ಸಾಹೇಬನ್ನ ಎಲ್ಲಿಟ್ಟಿದ್ದೀರ್ರೋ?" ಎಂದು ಒಬ್ಬ ಕೂಗಿದ. ಆ ಕುಣಿತಗಾರನಿಗೆ ನಮ್ಮೂರಲ್ಲಿ ಟಕಟಕ ಸಾಹೇಬ ಎಂಬ ಹೆಸರಿದೆ ಎಂದು ನನಗೆ ಗೊತ್ತಾಗಿದ್ದೇ ಆವಾಗ. ಅವನ ಹಳೇ ಸಿನಿಮಾಗಳು ಮುಂಚೆ ಶಿವಮೊಗ್ಗದಲ್ಲಿ ಬಂದಿದ್ದವಂತೆ. ಜನ ಸೈಕಲ್ ತುಳಿದುಕೊಂಡು ಹೋಗಿ ನೋಡಿಬಂದಿದ್ದರಂತೆ. ಬೂಟಿನ ಅಡಿಗೆ ಲೋಹದ ತಗಡು ಬಡಿಸಿಕೊಂಡು ನೆಲದಲ್ಲೇ ತಬಲಾ ನುಡಿಸುವ ಮನುಷ್ಯ ಎಂದು ಅವನ ಖ್ಯಾತಿ. ಜನ ಕ್ಯಾಬಿನ್ ಮೆಟ್ಟಿಲು ಹತ್ತಿ ಬಂದರು. ಗುರುಶಾಂತಪ್ಪನವರು ಕೈಮುಗಿದರು. ಮುಂದಿನ ಭಾನುವಾರ ಇದೇ ಟಿಕೆಟ್ಟಿಗೆ ಪೂರ್ತಿ ಸಿನಿಮಾ ತೋರಿಸುತ್ತೇವೆಂದು ಮಾತುಕೊಟ್ಟ ಮೇಲೆಯೇ ಎಲ್ಲರೂ ಇಳಿದು ಹೋದದ್ದು. ಆಮೇಲೆ ಮ್ಯಾನೇಜರು ನಮ್ಮಿಬ್ಬರನ್ನೂ ಉಗಿದು ಉಪ್ಪಿನಕಾಯಿ ಹಾಕಿದರು, ಅಪ್ಪಣೆ ಕೊಟ್ಟಿದ್ದು ತಾವೇ ಅನ್ನುವುದು ನೆನಪಿಲ್ಲದವರ ಹಾಗೆ.

ಆ ವಾರ ಬಿಡುವಾದಾಗಲೆಲ್ಲ ತುಂಡು ಸೇರಿಸುವುದೇ ಕೆಲಸ. ಅದರಲ್ಲಿ ಒಂದು ಸುರುಳಿ ಮಾತ್ರ ಬಿಚ್ಚಿದಷ್ಟೂ ಮುಗಿಯದು. ರೈಲ್ವೆ ಸ್ಟೇಷನ್ನಿನ ವೆಯ್ಟಿಂಗ್ ರೂಮು, ಸುತ್ತ ಚರ್ಮದ ಪೆಟ್ಟಿಗೆಗಳು, ನಡುವೆ ಟಕಟಕ ಸಾಹೇಬ. ನಾನು ಫಿಲ್ಮನ್ನು ಬಲ್ಬಿನ ಮುಂದೆ ಎಳೆಯುತ್ತಲೇ ಹೋದೆ. ಮಾಮೂಲು ಸಿನಿಮಾದಲ್ಲಿ ಒಂದೆರಡು ಮಾರು ಎಳೆಯುವಷ್ಟರಲ್ಲಿ ಮುಖ ಹೋಗಿ ಕೈ ಬರುತ್ತದೆ, ಕೈ ಹೋಗಿ ಹೂವು ಬರುತ್ತದೆ. ಇಲ್ಲಿ ಚಿತ್ರ ಬದಲಾಗುವುದೇ ಇಲ್ಲ! ತಲೆಯಿಂದ ಬೂಟಿನ ತನಕ ಅದೇ ಮನುಷ್ಯ, ಅದೇ ಕೋಣೆ, ಎಲ್ಲೂ ತೇಪೆ ಇಲ್ಲ. ಒಂದೇ ಉಸಿರಿಗೆ ಕುಣಿದಿದ್ದಾನೆ. ಒಂದು ಹೆಜ್ಜೆ ತಪ್ಪಿದ್ದರೆ ಮೊದಲಿನಿಂದ ಎಲ್ಲ ಮತ್ತೆ ಕುಣಿಯಬೇಕಿತ್ತು.

"ಅಣ್ಣಾ, ಇವ್ನು ತಪ್ಪೇ ಮಾಡಿಲ್ಲ ನೋಡಿ" ಅಂದೆ.

ಮುನಿಯಣ್ಣ ಫಿಲ್ಮನ್ನು ಕಿತ್ತುಕೊಂಡು ನೋಡಿದರು. ಆಮೇಲೆ ನನ್ನನ್ನು ಹತ್ತಿರ ಕರೆದು ಫಿಲ್ಮಿನ ಅಂಚು ತೋರಿಸಿದರು. ಚಿತ್ರದ ಪಕ್ಕದಲ್ಲಿ ಕಿರುಬೆರಳ ಉಗುರಿಗಿಂತ ಸಣ್ಣದಾಗಿ ಒಂದು ಗೆರೆ ಓಡುತ್ತದೆ, ಅದೇ ಸದ್ದು. ಮಾತಿದ್ದ ಕಡೆ ಅದು ಅಲೆ ಅಲೆಯಾಗಿರುತ್ತದೆ. ಇಲ್ಲಿ ಮಾತ್ರ ಸಾಲಾಗಿ ಮುಳ್ಳುಗಳು. ಒಂದು ಮುಳ್ಳು, ಎರಡು ಮುಳ್ಳು, ಸ್ವಲ್ಪ ಬಿಳಿ ಜಾಗ, ಆಮೇಲೆ ಮುಳ್ಳಿನ ಬೇಲಿಯೇ ಬಂದಂತೆ ಒತ್ತೊತ್ತಾಗಿ.

"ಅವ್ನ ಹೆಜ್ಜೆ ತಂಬಿ ಅದು. ಒಂದೊಂದು ಮುಳ್ಳೂ ಒಂದೊಂದು ಹೆಜ್ಜೆ" ಅಂದರು.

ನಾನು ಬಾಯಿಬಿಟ್ಟುಕೊಂಡು ನೋಡಿದೆ. ಯಾವುದೋ ದೇಶದಲ್ಲಿ, ಯಾವುದೋ ಕಾಲದಲ್ಲಿ ನೆಲಕ್ಕೆ ಬಿದ್ದ ಹೆಜ್ಜೆ ನಮ್ಮ ಭದ್ರಾವತಿಯ ಬಲ್ಬಿನ ಮುಂದೆ ಕಣ್ಣಿಗೆ ಕಾಣುತ್ತಿದೆ. ಇಷ್ಟು ವರ್ಷವಾದರೂ ಅದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಸುಷ್ಮಾ, ನಿನ್ನ ಪೆಟ್ಟಿಗೆಯಲ್ಲಿ ಎಲ್ಲ ಇದೆ ಕಣಮ್ಮ, ಆದರೆ ಇದು ಕಾಣುವುದಿಲ್ಲ.

ಭಾನುವಾರ ಪೂರ್ತಿ ಸಿನಿಮಾ ಹಾಕಿದೆವು. ಸ್ಟೇಷನ್ನಿನ ಕುಣಿತ ಬಂತು. ರೈಲು ಬರಲಿಲ್ಲವೆಂದು ಅವನು ಬೇಸರದಿಂದ ಹಿಮ್ಮಡಿ ಕುಟ್ಟುತ್ತಾನೆ. ಕುಟ್ಟುತ್ತ ಕುಟ್ಟುತ್ತ ತಾನೇ ರೈಲಿನ ಸದ್ದಾಗುತ್ತಾನೆ. ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹಾರುತ್ತಾನೆ, ಬೆಕ್ಕು ಅಟ್ಟದಿಂದ ಇಳಿದಂತೆ ಇಳಿಯುತ್ತಾನೆ, ಒಂದು ಹನಿ ಬೆವರಿಲ್ಲ. ಹಾಲಿನಲ್ಲಿ ಪಿಸುಮಾತೂ ಇಲ್ಲ. ಆ ಬೆಂಚಿನ ಮೇಲಿದ್ದವರು ದಿನವೂ ಕಬ್ಬಿಣದ ಜೊತೆ ಹೆಣಗಾಡುವವರು, ಮೈ ಬಗ್ಗಿಸುವುದು ಎಷ್ಟು ಕಷ್ಟವೆಂದು ಬಲ್ಲವರು. ಕುಣಿತ ಮುಗಿದಾಗ ಎದ್ದು ನಿಂತು ಚಪ್ಪಾಳೆ ಹೊಡೆದರು. ಒಬ್ಬನೂ ಬೀಡಿ ಸೇದಲು ಹೊರಗೆ ಹೋಗಿರಲಿಲ್ಲ. ಅಂದಿನಿಂದ ಗುರುಶಾಂತಪ್ಪನವರು ಹಾಡು ಕತ್ತರಿಸುವ ಮಾತೆತ್ತಲಿಲ್ಲ. ಟಕಟಕ ಸಾಹೇಬನ ಯಾವ ಪ್ರಿಂಟು ಬೆಂಗಳೂರಿನಲ್ಲಿದ್ದರೂ ಹುಡುಕಿ ತರಿಸುತ್ತಿದ್ದರು.

ಅವನೇ ನನ್ನ ಮಾನ ಕಳೆದದ್ದೂ ಉಂಟು. ಅದನ್ನೂ ಹೇಳುತ್ತೇನೆ, ಕಲಿಯುವವರಿಗೆ ಬೇಕು.

ಯಂತ್ರದಲ್ಲಿ ಚಿತ್ರಕ್ಕೆ ಬೆಳಕು ಬೀಳುವ ಜಾಗ ಒಂದು, ಸದ್ದು ಹುಟ್ಟುವ ಜಾಗ ಅದಕ್ಕಿಂತ ಕೆಳಗೆ, ಮೊಳಕ್ಕೆ ಕೊಂಚ ಕಡಮೆ ದೂರದಲ್ಲಿ. ನಡುವೆ ಫಿಲ್ಮು ಸಡಿಲವಾಗಿ ಬಾಗಿ ಹೋಗಬೇಕು. ಆ ಬಾಗಿಗೆ ಲೂಪ್ ಅನ್ನುತ್ತೇವೆ. ಲೂಪ್ ಚಿಕ್ಕದಾದರೆ ಸದ್ದು ಮುಂದೆ ಓಡುತ್ತದೆ, ದೊಡ್ಡದಾದರೆ ಹಿಂದೆ ಬೀಳುತ್ತದೆ. ಎಷ್ಟಿರಬೇಕೆಂದು ಕೇಳಿದರೆ ಮುನಿಯಣ್ಣ ಹೇಳಿದ್ದು ಇಷ್ಟೇ: "ಎರಡು ಬೆರಳು ಹೋಗೋ ಹಾಗೆ ಬಿಡು." ನಾನು ಶ್ರದ್ಧೆಯಿಂದ ಎರಡು ಬೆರಳು ಇಟ್ಟು ಇಟ್ಟು ಫಿಲ್ಮು ಹಾಕುತ್ತಿದ್ದೆ. ಎಷ್ಟೋ ಕನ್ನಡ, ತಮಿಳು, ಹಿಂದಿ ಸಿನಿಮಾ ಹಾಗೇ ಓಡಿದವು, ಯಾರೂ ಚಕಾರ ಎತ್ತಲಿಲ್ಲ. ನಾಯಕ ಬಾಯಿ ಮುಚ್ಚಿದ ಮೇಲೆ ಮಾತು ಬಂದರೂ, ಬಾಯಿ ತೆರೆಯುವ ಮುಂಚೆ ಮಾತು ಬಂದರೂ ನಮ್ಮ ಜನ ಉದಾರಿಗಳು.

ಟಕಟಕ ಸಾಹೇಬನ ಇನ್ನೊಂದು ಸಿನಿಮಾ ಬಂದಾಗ ನಾನು ಫಿಲ್ಮು ಹಾಕಿದ ಯಂತ್ರದಲ್ಲಿ ಕುಣಿತ ಬಂತು. ಕಾಲು ಇನ್ನೂ ಗಾಳಿಯಲ್ಲಿದೆ, ಟಕ್ ಎಂದಿತು! ಹಾಲಿನಲ್ಲಿ ಗುಸುಗುಸು. ಮುನಿಯಣ್ಣ ಕಿಂಡಿಯಿಂದ ತಲೆ ತೆಗೆದು ನನ್ನತ್ತ ನೋಡಿದ ನೋಟಕ್ಕೆ ಕಾಯಿಸಿದ ಹಾಲೂ ಒಡೆಯಬೇಕು.

"ಎರಡು ಬೆರಳೇ ಬಿಟ್ಟಿದ್ದೀನಿ ಅಣ್ಣ" ಎಂದು ಕೈ ತೋರಿಸಿದೆ.

ಅವರು ನನ್ನ ಕೈ ನೋಡಿದರು, ತಮ್ಮ ಕೈ ನೋಡಿಕೊಂಡರು. ಅವರ ಬೆರಳು ಒಂದೊಂದೂ ನೇಂದ್ರಬಾಳೆ. ನನ್ನದು ನುಗ್ಗೇಕಾಯಿ. "ಅಯ್ಯೋ ಸಾಮಿ! ನಾನು ಹೇಳಿದ್ದು ನನ್ನ ಬೆರಳು ಕಣೋ ಕತ್ತೆ, ನಿನ್ನ ಬೆರಳಲ್ಲ!" ಎಂದು ಹಣೆ ಚಚ್ಚಿಕೊಂಡರು. ಮುನಿಯಣ್ಣನಿಗೆ ಅವರ ಗುರು ಹೇಳಿದ್ದು ಹಾಗೆ, ನನಗೆ ಅವರು ಹೇಳಿದ್ದು ಹಾಗೆ. ಬೆರಳು ಬೇರೆ ಬೇರೆ ಇರುತ್ತದೆಂದು ಯಾರಿಗೂ ಹೊಳೆದಿರಲಿಲ್ಲ. ಆಮೇಲೆ ನಾನು ಮೂರು ಬೆರಳು ಇಡತೊಡಗಿದೆ. ಹೊಸಬರಿಗೆ ಕಲಿಸುವಾಗ ಮೊದಲು ಅವರ ಕೈ ನೋಡುತ್ತಿದ್ದೆ.

ಈ ಪ್ರಕರಣದ ನಂತರ ಮುನಿಯಣ್ಣ ನನ್ನನ್ನು ಒಂದು ಕ್ಷಣವೂ ನಂಬಲಿಲ್ಲ. ಮನೆಯಲ್ಲಿ ಜ್ವರ ಬಂದು ಮಲಗಿದ್ದರೂ ಭಾನುವಾರ ಬೆಳಿಗ್ಗೆ ಕಂಬಳಿ ಹೊದ್ದುಕೊಂಡು ಬಂದುಬಿಡುತ್ತಿದ್ದರು. "ಬೇರೆ ಸಿನಿಮಾ ನೀನು ಹಾಳು ಮಾಡು, ಪರವಾಗಿಲ್ಲ. ಇವನದ್ದು ಮಾತ್ರ ಮುಟ್ಬೇಡ" ಅನ್ನುತ್ತಿದ್ದರು.

ಹೀಗೇ ವರ್ಷಗಳು ಕಳೆದವು. ಕಾರ್ಬನ್ ಕಡ್ಡಿ ಹೋಗಿ ದೊಡ್ಡ ಗಾಜಿನ ಬಲ್ಬು ಬರಲಿದೆ ಎಂಬ ಸುದ್ದಿ ಇತ್ತು. ಆಗ ಒಂದು ದಿನ ಮುನಿಯಣ್ಣನ ಹೆಂಡತಿ ಸರೋಜಕ್ಕ ಊಟದ ಕ್ಯಾರಿಯರ್ ತಂದವರು, ಗಂಡ ಕೆಳಗೆ ಹೋದದ್ದು ನೋಡಿ, ನನ್ನ ಹತ್ತಿರ ಬಂದು ನಿಂತರು.

"ಇಲ್ಲಿ ಇವ್ರು ಹೆಂಗಿದ್ದಾರಪ್ಪ? ಮನೇಲಿ ಕುಕ್ಕರ್ ಸೀಟಿ ಹಾಕಿದ್ರೂ ಕೇಳ್ಸಲ್ಲ. ಅವ್ರ ಅಪ್ಪನಿಗೂ ಹಿಂಗೇ ಆಗಿದ್ದು, ಅವ್ರಣ್ಣನಿಗೂ ಹಿಂಗೇ. ಅವರ ಮನೆತನದ ಕಿವಿನೇ ಹಂಗೆ. ಶುರುವಾದ್ರೆ ಬೇಗ ಪೂರ್ತಿ ಹೋಗಿಬಿಡತ್ತೆ. ಡಾಕ್ಟ್ರೂ ಕೈ ಚೆಲ್ಲಿದ್ರು" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಈಚೆಗೆ ಮುನಿಯಣ್ಣ ಕೂಗಿ ಮಾತಾಡುತ್ತಿದ್ದರು, ಯಂತ್ರದ ಗದ್ದಲಕ್ಕಿರಬೇಕು ಎಂದುಕೊಂಡಿದ್ದೆ. ನಾನು ಕರೆದರೆ ತಿರುಗುತ್ತಿರಲಿಲ್ಲ, ಸಿಟ್ಟೆಂದುಕೊಂಡಿದ್ದೆ. ಫಿಲ್ಮಿನ ಅಂಚನ್ನೇ ಬಲ್ಬಿಗೆ ಹಿಡಿದು ಹೊತ್ತುಗಟ್ಟಲೆ ಕೂರುತ್ತಿದ್ದರು, ಹುಚ್ಚೆಂದುಕೊಂಡಿದ್ದೆ. ಆ ಮನುಷ್ಯ ಕಿವಿಗೆ ಸಿಗದ ಸದ್ದನ್ನು ಕಣ್ಣಲ್ಲಿ ಹುಡುಕುತ್ತಿದ್ದರು.

ಅದೇ ವಾರ ಗುರುಶಾಂತಪ್ಪನವರು ಮೇಲೆ ಬಂದು ಹೇಳಿದರು: "ಸ್ಟೇಷನ್ ಡ್ಯಾನ್ಸಿನ ಸಿನಿಮಾ ಇದೆಯಲ್ಲ, ಅದು ಈ ಭಾನುವಾರ ಬರ್ತದೆ. ಇದೇ ಕೊನೆ. ಆ ಪ್ರಿಂಟಿನ ಅವಧಿ ಮುಗೀತಂತೆ, ನಮ್ಮಿಂದ ವಾಪಸ್ ಹೋದ್ಮೇಲೆ ಕೊಡಲಿಯಲ್ಲಿ ಕಡಿದು ಹಾಕ್ತಾರಂತೆ." ಆ ಕಾಲದಲ್ಲಿ ಹಾಗೇ. ಅವಧಿ ಮುಗಿದ ಪ್ರಿಂಟನ್ನು ಕಡಿದು ಗುಜರಿಗೆ ಹಾಕುತ್ತಿದ್ದರು.

ಮ್ಯಾನೇಜರು ಹೋದ ಮೇಲೆ ಮುನಿಯಣ್ಣ ನನ್ನ ಬಾಯನ್ನೇ ನೋಡುತ್ತ, "ಏನಂದ್ರು?" ಎಂದು ಕೇಳಿದರು. ಹತ್ತಿರ ಹೋಗಿ ಕಿವಿಯಲ್ಲಿ ಕೂಗಿ ಹೇಳಿದೆ. ಅವರು ಸ್ಟೂಲಿನ ಮೇಲೆ ಕೂತುಬಿಟ್ಟರು.

"ತಂಬಿ, ಬಲಗಿವಿ ಹೋಯ್ತು. ಎಡಗಡೇದು ಸ್ವಲ್ಪ ಇದೆ. ಎಷ್ಟು ದಿನವೋ ಗೊತ್ತಿಲ್ಲ" ಅಂದರು. "ಆ ಮನುಷ್ಯನ ಕಾಲನ್ನ ನಾನು ಒಂದು ದಿನಾನೂ ಸರಿಯಾಗಿ ಕೇಳಿಲ್ಲ ಗೊತ್ತಾ? ಈ ಡಬ್ಬಾ ಸ್ಪೀಕರಲ್ಲಿ ಕೇಳಿದ್ದು. ಊರಿಗೆಲ್ಲ ನಾನೇ ಕೇಳಿಸಿದೆ, ನಾನು ಮಾತ್ರ ಕೇಳ್ಲಿಲ್ಲ."

"ಈ ಭಾನುವಾರ ಹಾಲಲ್ಲಿ ಕೂತ್ಕೊಳಿ ಅಣ್ಣ. ಮಿಷನ್ನು ನಾನು ನೋಡ್ಕೊಳ್ತೀನಿ" ಎಂದು ಕೂಗಿದೆ.

ಅವರು ನನ್ನ ಬೆರಳುಗಳನ್ನು ನೋಡಿದರು. ಅವರ ಮುಖದಲ್ಲಿದ್ದ ಸಂಕಟವನ್ನು ನಾನು ಯಾವ ಸಿನಿಮಾದಲ್ಲೂ ನೋಡಿಲ್ಲ. ನಂಬಿದರೆ ಕುಣಿತ ಹಾಳಾಗಬಹುದು, ನಂಬದಿದ್ದರೆ ಅದನ್ನು ಕೇಳದೆಯೇ ಕಿವುಡಾಗಬೇಕು. ಎರಡು ದಿನ ಒಪ್ಪಲಿಲ್ಲ. ಶನಿವಾರ ಪ್ರಿಂಟು ಬಂದ ಮೇಲೆ ನನ್ನನ್ನು ಕೂರಿಸಿ ಮತ್ತೆ ಮತ್ತೆ ಫಿಲ್ಮು ಹಾಕಿಸಿದರು, ತೆಗೆಸಿದರು, ಹಾಕಿಸಿದರು. ಕೊನೆಗೆ "ಆಯ್ತು" ಅಂದರು. ಅದೊಂದೇ ಮಾತು.

ಭಾನುವಾರ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಬಾಲ್ಕನಿ ಬೇಡ ಎಂದು ಗಾಂಧಿ ಕ್ಲಾಸಿನ ಮೊದಲ ಬೆಂಚಿನ ಬಲತುದಿಗೆ ಹೋಗಿ ಕೂತರು. ತೆರೆಯ ಹಿಂದಿನ ದೊಡ್ಡ ಸ್ಪೀಕರು ಅವರ ಎಡಗಿವಿಗೆ ನೇರವಾಗಿ ಬೀಳುವ ಜಾಗ ಅದು. ಎಷ್ಟು ಯೋಚನೆ ಮಾಡಿ ಆರಿಸಿದ್ದರು! ನನಗೆ ಕಿಂಡಿಯಿಂದ ಅವರ ಬಿಳಿ ಅಂಗಿ, ಬೋಳುತಲೆ ಮಾತ್ರ ಕಾಣುತ್ತಿದ್ದವು.

ಪ್ರಿಂಟು ಮುದಿಯಾಗಿತ್ತು, ಅಂಚಿನ ತೂತುಗಳೆಲ್ಲ ಹರಿದಿದ್ದವು. ಮುಟ್ಟಿದರೆ ಒಣ ಎಲೆಯ ಹಾಗೆ ಮುರಿಯುವಂತಿತ್ತು. ನಾನು ಆ ದಿನ ಬೇಡಿಕೊಳ್ಳದ ದೇವರಿಲ್ಲ. ಮೊದಲ ರೀಲು ಹೋಯಿತು, ಎರಡನೆಯದು ಹೋಯಿತು. ರೀಲು ಮುಗಿಯುವ ಗುರುತಾಗಿ ತೆರೆಯ ಮೂಲೆಯಲ್ಲಿ ಚುಕ್ಕೆ ಮಿನುಗಿದ ಕೂಡಲೇ ಒಂದು ಯಂತ್ರದಿಂದ ಇನ್ನೊಂದಕ್ಕೆ ಬದಲಾಯಿಸಿದೆ, ಹೊಲಿಗೆ ಕಾಣದ ಹಾಗೆ. ಸ್ಟೇಷನ್ನಿನ ರೀಲು ಶುರುವಾಯಿತು. ಟಕಟಕ ಸಾಹೇಬ ಹಿಮ್ಮಡಿ ಕುಟ್ಟತೊಡಗಿದ. ಕಾಲು ನೆಲಕ್ಕೆ, ಸದ್ದು ಕಾಲಿಗೆ, ಕೂದಲಷ್ಟೂ ವ್ಯತ್ಯಾಸವಿಲ್ಲ. ಕೆಳಗೆ ಬೋಳುತಲೆ ಅಲುಗಾಡಲಿಲ್ಲ.

ಅವನು ಮೊದಲ ಪೆಟ್ಟಿಗೆ ಹತ್ತುತ್ತಿದ್ದಂತೆ ಹರಿದ ತೂತೊಂದು ಯಂತ್ರದ ಚಕ್ರದ ಹಲ್ಲಿಗೆ ಸಿಕ್ಕಿ ಫಿಲ್ಮು ಕಟಕಟ ಎಂದಿತು. ಲೂಪ್ ಮಾಯವಾಯಿತು. ತೆರೆಯ ಮೇಲೆ ಚಿತ್ರ ಮೇಲಕ್ಕೂ ಕೆಳಕ್ಕೂ ಜಿಗಿಯತೊಡಗಿತು. ಬೆಳಕು ಮುಚ್ಚಿದೆ, ಯಂತ್ರ ನಿಲ್ಲಿಸಿದೆ, ಅದರ ಬಾಗಿಲು ತೆರೆದೆ, ಫಿಲ್ಮು ಸರಿಸಿದೆ, ಲೂಪ್ ಬಿಟ್ಟೆ, ಬಾಗಿಲು ಹಾಕಿದೆ. ಕೆಳಗೆ ಸೀಟಿ, ಕೂಗು. ಹಾಗೇ ಹೊರಡಿಸಿದೆ. ಚಿತ್ರದ ಜಿಗಿತ ನಿಂತಿತು. ಉಸಿರು ಬಿಟ್ಟು ಕಿಂಡಿಯಲ್ಲಿ ಇಣುಕಿದರೆ, ಅವನು ಪೆಟ್ಟಿಗೆಯಿಂದ ಇಳಿದ, ಆಮೇಲೆ ಟಕ್ ಎಂದಿತು. ಅವಸರದಲ್ಲಿ ಲೂಪ್ ದೊಡ್ಡದು ಬಿಟ್ಟಿದ್ದೆ!

ಮತ್ತೆ ನಿಲ್ಲಿಸುವುದೇ, ಬಿಡುವುದೇ? ನಿಲ್ಲಿಸಿದರೆ ಕುಣಿತ ಎರಡನೇ ಸಲ ತುಂಡಾಗುತ್ತದೆ, ಇನ್ನಷ್ಟು ತೂತು ಹರಿದರೆ ಪೂರ್ತಿ ಸಿನಿಮಾನೇ ಹೋಗುತ್ತದೆ. ಬಿಟ್ಟೆ. ಪೆಟ್ಟಿಗೆಗಳ ಮೇಲಿನ ಆ ಕುಣಿತವೆಲ್ಲ ಒಂದು ಕೂದಲು ಹಿಂದೆ ಬಿದ್ದೇ ನಡೆಯಿತು. ಹಾಲಿನಲ್ಲಿ ಯಾರೂ ಕೂಗಲಿಲ್ಲ, ಮತ್ತೆ ಶುರುವಾಯಿತಲ್ಲ ಎಂಬ ಸಮಾಧಾನದಲ್ಲಿ ಅವರಿಗೆ ಗೊತ್ತಾಗಿರಲಿಲ್ಲ. ಚಪ್ಪಾಳೆಯೂ ಬಿತ್ತು. ಬಿಳಿ ಅಂಗಿ ಮಾತ್ರ ಚಪ್ಪಾಳೆ ಹೊಡೆಯಲಿಲ್ಲ, ಕಲ್ಲಿನ ಹಾಗೆ ಕೂತಿತ್ತು.

ನನಗೆ ಅಳು ಬಂತು. ಸದ್ದು ಹಿಂದೆ ಬಿದ್ದದ್ದಕ್ಕಲ್ಲ. ಅಷ್ಟು ತಪ್ಪಾದರೂ ಮುನಿಯಣ್ಣ ತಿರುಗಿ ಕ್ಯಾಬಿನ್ ಕಡೆ ನೋಡಲಿಲ್ಲವಲ್ಲ! ಬೇರೆ ದಿನವಾಗಿದ್ದರೆ ಹಾಲಿನಿಂದಲೇ ಚಪ್ಪಲಿ ಎಸೆಯುವ ಮನುಷ್ಯ. ಅಂದರೆ ಕೇಳಿಸಲಿಲ್ಲ. ಕೊನೆಯ ಆಟವೂ ಕೇಳಿಸದೆ ಹೋಯಿತು. ಉಳಿದ ರೀಲುಗಳನ್ನು ಕಣ್ಣೊರೆಸಿಕೊಳ್ಳುತ್ತಲೇ ಓಡಿಸಿದೆ. ಆಗ ಸದ್ದು ಕಾಲಿಗೆ ಸರಿಯಾಗೇ ಕೂತಿತ್ತು, ಆದರೆ ಯಾರಿಗಾಗಿ?

ಸಿನಿಮಾ ಮುಗಿದು ಜನ ಹೋದರು. ಕಬ್ಬಿಣದ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಮುನಿಯಣ್ಣ ಬಾಗಿಲಲ್ಲಿ ನಿಂತರು. ಮುಖ ಕೆಂಪಾಗಿತ್ತು, ಬಿಳಿ ಅಂಗಿ ಬೆವರಿನಿಂದ ಒದ್ದೆ.

"ಕತ್ತೆ!" ಎಂದು ಗುಡುಗಿದರು. "ಪೆಟ್ಟಿಗೆಯಿಂದ ಅವ್ನು ಇಳಿದ, ಸದ್ದು ಆಮೇಲೆ ಇಳೀತು! ಕಿವುಡನಿಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ? ಅವ್ನು ಒಂದು ಹೆಜ್ಜೇನೂ ತಪ್ಪದೆ ಕುಣಿದಿದ್ದಾನೆ, ನೀನು ಅವ್ನನ್ನ ಕುಂಟ ಮಾಡ್ದೆ! ಮೊದಲು ಎಷ್ಟು ಚೆನ್ನಾಗಿ ಬಂತು, ಆ ಹಿಮ್ಮಡಿ, ಆ ಕಾಲ್ಬೆರಳು, ನೆಲದಲ್ಲಿ ಮಳೆ ಬಿದ್ದಂಗೆ, ಅಯ್ಯೋ, ಎದೆ ಒಳಗೇ ಕುಣಿದ ಹಾಗೆ ಕೇಳಿಸ್ತು ಕಣೋ! ಅದನ್ನ ಕೆಡಿಸಿದೆಯಲ್ಲೋ ಪಾಪಿ!"

ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ಗೊತ್ತಿಲ್ಲ. ಅವರ ಎರಡು ಕೈಯನ್ನೂ ಹಿಡಿದುಕೊಂಡೆ.

"ಬೈಯಿರಿ ಅಣ್ಣ, ಇನ್ನೂ ಬೈಯಿರಿ" ಅಂದೆ.

ಅದು ಅವರಿಗೆ ಕೇಳಿಸಲಿಲ್ಲ. ಆದರೂ ಬೈಯುತ್ತಲೇ ಇದ್ದರು.